ಸೊಣ್ಣಪ್ಪನ ತೂಕ ಇಳಿದ ಬಗೆ

ಹಳೆಯ ಚಿನ್ನದ ಗಣಿಗಳ ಊರಾದ ಉರಿಗಾಮಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಸೊಣ್ಣಪ್ಪ ಮೊಳೆ, ಪೈಪು, ಬಣ್ಣದ ಡಬ್ಬಗಳ ಜೊತೆಗೆ ಸಲಹೆಗಳನ್ನೂ ಕೊಡುತ್ತಿದ್ದ. ನಲ್ಲಿ ಕೊಳ್ಳಲು ಬಂದವರು ಮಂಡಿನೋವಿಗೆ ಏನು ಹಚ್ಚಬೇಕು, ಹಸು ಹಾಲು ಕಡಿಮೆ ಮಾಡಿದರೆ ಏನು ತಿನ್ನಿಸಬೇಕು, ಬೀಗರು ಮುನಿಸಿಕೊಂಡರೆ ಏನು ಉತ್ತರ ಹೇಳಬೇಕು ಎಂಬುದನ್ನೆಲ್ಲ ತಿಳಿದುಕೊಂಡೇ ಹೋಗಬೇಕಿತ್ತು. ನಲ್ಲಿ ಸೋರಿದರೆ ವಾಪಸು ತರುತ್ತಿದ್ದರು. ಸಲಹೆ ಸೋರಿತೆಂದು ಯಾರೂ ವಾಪಸು ಬಂದಿರಲಿಲ್ಲ. ಹೀಗಾಗಿ ತಾನು ಹೇಳಿದ್ದೆಲ್ಲ ಫಲಿಸಿದೆ ಎಂಬ ನಂಬಿಕೆ ಸೊಣ್ಣಪ್ಪನಲ್ಲಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಬಂದಿತ್ತು.

ಅವನ ಮನೆ ಬಂಗಾರಪೇಟೆಯಲ್ಲಿ. ಬೆಳಿಗ್ಗೆ ರೈಲು ಹತ್ತಿ ಉರಿಗಾಮಿಗೆ ಬರುವುದು, ಸಂಜೆ ರೈಲಿನಲ್ಲಿ ಹಿಂದಿರುಗುವುದು, ಇಳಿದ ಕೂಡಲೇ ಸ್ಟೇಷನ್ ರಸ್ತೆಯ ಗಾಡಿಯ ಮುಂದೆ ನಿಂತು ಎರಡು ಪ್ಲೇಟು ಪಾನಿಪುರಿ ತಿನ್ನುವುದು, ಆಮೇಲೆ ಮನೆಗೆ ಹೋಗಿ ಏನೂ ತಿಂದಿಲ್ಲವೆಂಬಂತೆ ಊಟಕ್ಕೆ ಕೂರುವುದು. ಹೆಂಡತಿ ವರಲಕ್ಷ್ಮಮ್ಮನಿಗೆ ಇದೆಲ್ಲ ಗೊತ್ತಿತ್ತು. ಅಂಗಿಯ ಮೇಲೆ ಪುದೀನ ನೀರಿನ ಕಲೆ ಬಿದ್ದಿರುತ್ತಿತ್ತು.

ಆ ವರ್ಷ ಉರಿಗಾಮಿನ ಮೈದಾನದಲ್ಲಿ ಯಾವುದೋ ಸಂಘದವರು ಆರೋಗ್ಯ ಶಿಬಿರ ಹಾಕಿದರು. ಅಂಗಡಿಯ ಪಕ್ಕದಲ್ಲೇ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದ ಟೈಲರ್ ವೆಂಕಟೇಶಪ್ಪ ಒಬ್ಬನೇ ಹೋಗಲು ಸಂಕೋಚಪಟ್ಟು ಸೊಣ್ಣಪ್ಪನನ್ನು ಕರೆದ. ವೆಂಕಟೇಶಪ್ಪ ಮೃದು ಮನುಷ್ಯ. ಯಾರಾದರೂ ಒಂದು ಮಾತನ್ನು ಖಚಿತವಾಗಿ ಹೇಳಿದರೆ ಅದು ನಿಜವೇ ಇರಬೇಕೆಂದು ತಿಳಿಯುತ್ತಿದ್ದ. ಸೊಣ್ಣಪ್ಪ ಎಲ್ಲವನ್ನೂ ಖಚಿತವಾಗಿ ಹೇಳುತ್ತಿದ್ದ. ಇಬ್ಬರ ಸ್ನೇಹ ನಿಂತಿದ್ದೇ ಇದರ ಮೇಲೆ.

ಶಿಬಿರದಲ್ಲಿ ಸಹನ ಎಂಬ ನರ್ಸಿಂಗ್ ಹುಡುಗಿ ಸೊಣ್ಣಪ್ಪನನ್ನು ತಕ್ಕಡಿಯ ಮೇಲೆ ನಿಲ್ಲಿಸಿದಳು. ಎಪ್ಪತ್ತಾರು ಕೇಜಿ. ಗೋಡೆಗೆ ಒರಗಿಸಿ ಅಳೆದಳು. ನೂರ ಅರವತ್ಮೂರು ಸೆಂಟಿಮೀಟರು. ಮೊಬೈಲಿನಲ್ಲಿ ಏನೋ ಒತ್ತಿದಳು.

"ಅಣ್ಣ, ನಿಮ್ಮ ಬಿಎಂಐ ಇಪ್ಪತ್ತೆಂಟೂವರೆ ಬಂದಿದೆ."

"ಅಂಗಂದ್ರೆ?"

"ತೂಕಾನ ಕೇಜಿಲಿ ತಗೊಂಡು, ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸೋದು. ನಮ್ಮ ಕಡೆ ದೊಡ್ಡೋರಿಗೆ ಹದಿನೆಂಟೂವರೆಯಿಂದ ಇಪ್ಪತ್ಮೂರರ ಒಳಗೆ ಇದ್ರೆ ಆರೋಗ್ಯದ ತೂಕ. ಇಪ್ಪತ್ತೈದು ದಾಟಿದ್ರೆ ಬೊಜ್ಜು ಅಂತೀವಿ. ನಿಮ್ಮ ಸೊಂಟದ ಸುತ್ತಳತೆನೂ ಜಾಸ್ತಿ ಇದೆ. ಒಂದ್ಸಲ ರಕ್ತದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸ್ಕೊಳ್ಳಿ."

ಬೊಜ್ಜು ಎಂಬ ಮಾತನ್ನು ಆ ಹುಡುಗಿ ಮೆಲ್ಲಗೇ ಹೇಳಿದ್ದಳು. ಆದರೆ ಅಂಥ ಮಾತು ಮೆಲ್ಲಗೆ ಹೇಳಿದಷ್ಟೂ ದೂರ ಕೇಳುತ್ತದೆ. ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ಆ ಹೊತ್ತಿಗೆ ಸೊಣ್ಣಪ್ಪನ ಕಿವಿ ಮುಚ್ಚಿಹೋಗಿತ್ತು. ಸಕ್ಕರೆಯ ಮಾತು ಅದರ ಹೊರಗೇ ಉಳಿಯಿತು.

ವೆಂಕಟೇಶಪ್ಪನಿಗೆ ಇಪ್ಪತ್ತೊಂದು ಬಂತು. "ನಿಮ್ದು ಸರಿಯಾಗಿದೆ, ಇಂಗೇ ಇಟ್ಕೊಳ್ಳಿ" ಎಂದಳು ಸಹನ.

ಹಿಂದಿರುಗುವ ದಾರಿಯಲ್ಲಿ ಸೊಣ್ಣಪ್ಪ ಎದುರು ಸಿಕ್ಕ ಯಾರಿಗೂ ಒಂದು ಸಲಹೆಯನ್ನೂ ಕೊಡಲಿಲ್ಲ. ಹಾಗಾದದ್ದು ಬಹುಶಃ ಅದೇ ಮೊದಲು. ತನಗೆ ತಿಳಿಯದ ಒಂದು ವಿಷಯ ಊರಿನಲ್ಲಿ ಓಡಾಡುತ್ತಿದೆ ಎಂಬುದು ಅವನಿಗೆ ಬೊಜ್ಜಿಗಿಂತ ಹೆಚ್ಚು ಅವಮಾನವಾಗಿತ್ತು.

"ನೋಡು ವೆಂಕಟೇಶಪ್ಪ, ಈ ಬಿಎಂಐ ಅನ್ನೋದು ಬಡ್ಡಿ ಇದ್ದಂಗೆ" ಎಂದು ಕೊನೆಗೆ ಶುರು ಮಾಡಿದ. "ಎಷ್ಟು ಕಮ್ಮಿ ಇದ್ರೆ ಅಷ್ಟು ಒಳ್ಳೇದು."

"ನಂದು ಸರಿಯಾಗಿದೆ ಅಂದ್ಲಲ್ಲ ಆ ಮಗು."

"ಸರಿಯಾಗಿದೆ ಅಂದ್ರೆ ಪಾಸು ಅಂತ. ಪಾಸು ಬೇರೆ, ಫಸ್ಟ್ ಕ್ಲಾಸು ಬೇರೆ."

ವೆಂಕಟೇಶಪ್ಪ ತನ್ನ ಇಪ್ಪತ್ತೊಂದರ ಬಗ್ಗೆ ಅಲ್ಲಿಯವರೆಗೆ ನೆಮ್ಮದಿಯಾಗಿದ್ದ. ಅವತ್ತು ಅಂಗಡಿಗೆ ಬಂದವನು ಕನ್ನಡಿಯಲ್ಲಿ ತನ್ನನ್ನು ಪಕ್ಕದಿಂದ ನೋಡಿಕೊಂಡ.

ಇದಾದ ಕೆಲವು ತಿಂಗಳಿಗೆ ಸೊಣ್ಣಪ್ಪನ ಪ್ಯಾಂಟು ಸಡಿಲವಾಯಿತು.

ಅದಕ್ಕಾಗಿ ಅವನು ಏನೂ ಮಾಡಿರಲಿಲ್ಲ. ಇಳಿಸಬೇಕೆಂದು ಮನಸ್ಸಿನಲ್ಲಿ ನಿರ್ಧರಿಸಿದ್ದ, ಅಷ್ಟೆ. ಪಾನಿಪುರಿ ಎರಡು ಪ್ಲೇಟಿನಿಂದ ಮೂರಕ್ಕೆ ಏರಿತ್ತು, ಯಾಕೆಂದರೆ ಹಸಿವು ಜಾಸ್ತಿಯಾಗಿತ್ತು. ಆದರೂ ಪ್ಯಾಂಟು ಸಡಿಲವಾಗುತ್ತಲೇ ಹೋಯಿತು. ತನ್ನ ನಿರ್ಧಾರಕ್ಕೆ ಇಷ್ಟು ಶಕ್ತಿಯಿದೆಯೆಂದು ಸೊಣ್ಣಪ್ಪನಿಗೇ ತಿಳಿದಿರಲಿಲ್ಲ. ಸೊಂಟ ಹಿಡಿಸಲು ಪ್ಯಾಂಟನ್ನು ವೆಂಕಟೇಶಪ್ಪನಿಗೆ ಕೊಟ್ಟ. ಮುಂದಿನ ತಿಂಗಳು ಮತ್ತೆ ಕೊಟ್ಟ. ಮೂರನೆಯ ಸಲ ವೆಂಕಟೇಶಪ್ಪ ಟೇಪನ್ನು ಕೊರಳಿಗೆ ಹಾಕಿಕೊಂಡು ಕೈ ಮುಗಿದಂತೆ ನಿಂತ.

"ಏನ್ ಮಾಡ್ತಿದ್ದೀಯಪ್ಪ ನೀನು? ನಂಗೂ ಏಳು."

ಏನೂ ಮಾಡುತ್ತಿಲ್ಲ ಎನ್ನುವುದು ನಿಜವಾದ ಉತ್ತರ. ಆದರೆ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರೆಲ್ಲ ಬೆಳಿಗ್ಗೆ ಮೈದಾನದಲ್ಲಿ ನಡೆಯುವ ಗುಂಪಿನವರು. ನಾಲ್ಕು ಜನರ ಮುಂದೆ ಏನೂ ಇಲ್ಲ ಎಂದು ಹೇಳುವ ಅಭ್ಯಾಸ ಸೊಣ್ಣಪ್ಪನಿಗಿರಲಿಲ್ಲ.

"ಹುಣಸೆ ಚಿಗುರಿನ ಕಷಾಯ" ಎಂದ.

ನಾಲ್ವರೂ ಹತ್ತಿರ ಬಂದರು.

"ಅದರ ಜೊತೆಗೆ ಒಂದೇ ಒತ್ತು ಊಟ. ಊಟ ಆದ್ಮೇಲೆ ಹಿಂದಿಂದಕ್ಕೆ ನಡೀಬೇಕು."

"ಹಿಂದಕ್ಕೆ ಯಾಕೆ?" ಎಂದು ಕೇಳಿದವನು ಮುನಿರಾಜು. ಲೈನ್‌ಮ್ಯಾನ್ ಕೆಲಸದಿಂದ ನಿವೃತ್ತನಾಗಿ ನಡೆಯುವವರ ಗುಂಪಿಗೆ ಮುಖಂಡನಾಗಿದ್ದ.

"ಬೊಜ್ಜು ಎಂಗ್ ಬಂತು? ನಾವು ಮುಂದಕ್ಕೆ ಓಡಾಡ್ಕೊಂಡಿರೋವಾಗ ಬಂತು. ಓಗ್ಬೇಕು ಅಂದ್ರೆ ಬಂದ ದಾರೀಲೇ ಓಗ್ಬೇಕು."

ಈ ತರ್ಕದಲ್ಲಿ ಮುನಿರಾಜುವಿಗೆ ಯಾವ ದೋಷವೂ ಕಾಣಲಿಲ್ಲ. ಮಾರನೆಯ ಬೆಳಿಗ್ಗೆ ಉರಿಗಾಂ ಮೈದಾನದಲ್ಲಿ ಹದಿನೈದು ಇಪ್ಪತ್ತು ಜನ ಗೃಹಸ್ಥರು ಮಂಕಿ ಕ್ಯಾಪು ಹಾಕಿಕೊಂಡು, ಗಣಿ ಮಣ್ಣಿನ ದಿಬ್ಬಗಳಿಗೆ ಮುಖ ಮಾಡಿ, ಹಿಂದಿಂದಕ್ಕೆ ನಡೆದರು. ಆಚೆ ತುದಿಯಿಂದ ಹಿಂದಕ್ಕೆ ನಡೆದು ಬರುತ್ತಿದ್ದವರು ಇವರ ಬೆನ್ನಿಗೆ ಬಡಿದು, ಇಬ್ಬರೂ ತಿರುಗಿ ನೋಡಿ ನಮಸ್ಕಾರ ಹೇಳಿ, ಮತ್ತೆ ನಡೆದರು. ಮೈದಾನದ ಅಂಚಿನ ಹುಣಸೆ ಮರದಲ್ಲಿ ಕೈಗೆಟಕುವ ಚಿಗುರು ಒಂದು ವಾರದಲ್ಲಿ ಮುಗಿಯಿತು.

ಇತ್ತ ಸೊಣ್ಣಪ್ಪನಿಗೆ ಬಾಯಾರಿಕೆ ಹತ್ತಿಕೊಂಡಿತ್ತು. ದೊಡ್ಡ ಬಾಟಲಿ ನೀರು ತೆಗೆದುಕೊಂಡು ರೈಲು ಹತ್ತುತ್ತಿದ್ದ. ನಡುವಿನ ಕೋರಮಂಡಲ ಸ್ಟೇಷನ್ ಬರುವ ಹೊತ್ತಿಗೆ ಬಾಟಲಿ ಖಾಲಿಯಾಗಿ ಹೊಟ್ಟೆಯ ಕೆಳಗೆ ಒತ್ತಡ ಶುರುವಾಗುತ್ತಿತ್ತು. ಇಳಿದು ಪೊದೆಯ ಹಿಂದೆ ಹೋಗಿ ಬರುವಷ್ಟರಲ್ಲಿ ರೈಲು ಹೊರಟಿರುತ್ತಿತ್ತು. ಅಂಗಡಿಗೆ ತಡವಾಗಿ ಬಂದದ್ದಕ್ಕೆ ಮಾಲೀಕರು ಕಾರಣ ಕೇಳಿದರೆ ಸೊಣ್ಣಪ್ಪ ಗಂಭೀರವಾಗಿ, "ಬೊಜ್ಜು ಕರಗಿ ನೀರಾಗಿ ಆಚೆ ಓಗ್ತಾ ಇದೆ. ಅದನ್ನ ತಡೀಬಾರ್ದು" ಎನ್ನುತ್ತಿದ್ದ. ಅಷ್ಟು ವೈಜ್ಞಾನಿಕವಾದ ಕಾರಣ ಕೇಳಿ ಮಾಲೀಕರು ಗಲ್ಲಾಪೆಟ್ಟಿಗೆಯ ಕಡೆ ತಿರುಗುತ್ತಿದ್ದರು.

ಮನೆಯಲ್ಲಿ ವರಲಕ್ಷ್ಮಮ್ಮನಿಗೆ ಚಿಂತೆ ಹತ್ತಿತು. ಗಂಡ ಆರು ಜನರ ಊಟ ಮಾಡುತ್ತಿದ್ದಾನೆ, ಕೆನ್ನೆ ಗುಳಿ ಬೀಳುತ್ತಿದೆ. "ಡಾಕ್ಟ್ರತ್ರ ಓಗ್ಬರಾಣ" ಎಂದು ಎರಡು ಮೂರು ಸಲ ಹೇಳಿದಳು. "ಊರೆಲ್ಲ ನನ್ನತ್ರ ಬತ್ತಾ ಇದೆ, ನಾನು ಡಾಕ್ಟ್ರತ್ರ ಓಗ್ಲಾ?" ಎಂದ ಸೊಣ್ಣಪ್ಪ. ಆಕೆ ಬೂದಿಕೋಟೆಯಲ್ಲಿದ್ದ ಅತ್ತಿಗೆಗೆ ಫೋನು ಮಾಡಿದಳು.

ಸೊಣ್ಣಪ್ಪನ ಅಕ್ಕ ಅಕ್ಕಯ್ಯಮ್ಮ ಮೊದಲ ಬಸ್ಸಿಗೇ ಬಂದಳು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ ಗಟ್ಟಿ ಹೆಂಗಸು. ಬಾಗಿಲಲ್ಲಿ ನಿಂತು ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನಾದಿನಿಯನ್ನು ನೋಡಿದಳು.

"ಏಮ್ಮಾ, ನನ್ ತಮ್ಮುಂಗೆ ಅನ್ನ ಇಕ್ಕದು ಬುಟ್ಬುಟ್ಟಾ?"

"ಅತ್ಗೆ, ನೀವೇ ಬಡಿಸಿ ನೋಡಿ" ಎಂದಳು ವರಲಕ್ಷ್ಮಮ್ಮ.

ಅಕ್ಕಯ್ಯಮ್ಮ ಸೀರೆ ಸಿಕ್ಕಿಸಿಕೊಂಡು ಅಡುಗೆಮನೆ ಹೊಕ್ಕಳು. ರಾಗಿಮುದ್ದೆ, ಅವರೆಕಾಳು ಸಾರು, ತಾನೇ ತಂದ ತುಪ್ಪ. ಸೊಣ್ಣಪ್ಪ ಒಂದು ಮುದ್ದೆ ಮುಗಿಸಿದ, ಇನ್ನೊಂದು ಮುಗಿಸಿದ, ಮೂರನೆಯದಕ್ಕೆ ತಟ್ಟೆ ಮುಂದೆ ತಳ್ಳಿದ. ಅಕ್ಕಯ್ಯಮ್ಮ ಮೊದಮೊದಲು ಸಂತೋಷದಿಂದ ಬಡಿಸಿದಳು. ಆಮೇಲೆ ಸುಮ್ಮನೆ ಬಡಿಸಿದಳು. ಐದನೆಯ ಮುದ್ದೆಯ ಹೊತ್ತಿಗೆ ಅವಳ ಕೈ ನಿಧಾನವಾಯಿತು.

"ಇದು ಊಟ ಅಲ್ಲಮ್ಮ, ಬಾವಿಗೆ ಕಲ್ ಹಾಕ್ದಂಗೆ" ಎಂದು ಹೊರಗೆ ಬಂದು ನಾದಿನಿಯ ಪಕ್ಕ ಮೆಟ್ಟಿಲ ಮೇಲೆ ಕೂತಳು. ಜಗಳವಾಡಲು ಬಂದವಳಿಗೆ ಜಗಳ ಹೊಳೆಯಲಿಲ್ಲ. ಇಬ್ಬರೂ ಒಳಗಿನ ತಟ್ಟೆಯ ಸದ್ದನ್ನು ಕೇಳುತ್ತ ಕೂತಿದ್ದರು.

ಇದೇ ಸಮಯದಲ್ಲಿ ವೆಂಕಟೇಶಪ್ಪ ಗುಂಡಿ, ದಾರ ತರಲು ಬಂಗಾರಪೇಟೆಗೆ ಬಂದ. ಸ್ಟೇಷನ್ನಿನಿಂದ ಆಚೆ ಬರುತ್ತಿದ್ದಂತೆ ಗಾಡಿಯ ಮುಂದೆ ಒಬ್ಬ ಮನುಷ್ಯ ಪುರಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ್ದು ಕಂಡಿತು. ಹತ್ತಿರ ಹೋದರೆ ಸೊಣ್ಣಪ್ಪ.

ಬಾಯಿ ತುಂಬಿದ್ದರಿಂದ ಸೊಣ್ಣಪ್ಪನಿಗೆ ಯೋಚಿಸಲು ಸಮಯ ಸಿಕ್ಕಿತು. ನುಂಗಿ, ಬಾಯಿ ಒರೆಸಿಕೊಂಡು ಹೇಳಿದ. "ಪರೀಕ್ಷೆ ಮಾಡ್ತಾ ಇದ್ದೀನಿ. ಕಷಾಯಕ್ಕೆ ನಿಜವಾಗ್ಲೂ ಶಕ್ತಿ ಇದ್ರೆ ಇದನ್ನ ತಿಂದ್ರೂ ತೂಕ ಏರ್ಬಾರ್ದು. ನಾಲ್ಕು ಜನಕ್ಕೆ ಏಳೋ ಮುಂಚೆ ನನ್ ಮೇಲೇ ನೋಡ್ಬೇಕಲ್ಲ."

ವೆಂಕಟೇಶಪ್ಪನ ಕಣ್ಣು ತೇವವಾಯಿತು. ಊರಿನವರಿಗಾಗಿ ಇಷ್ಟು ಪುರಿ ತಿನ್ನುವವರು ಯಾರಿದ್ದಾರೆ.

"ನೀನೂ ಒಂದು ಪ್ಲೇಟು ತಗೋ" ಎಂದ ಸೊಣ್ಣಪ್ಪ.

ವೆಂಕಟೇಶಪ್ಪ ಗಾಡಿಯನ್ನು ನೋಡಿದ. ಬೇಯಿಸಿದ ಬಟಾಣಿಯ ವಾಸನೆ ಬರುತ್ತಿತ್ತು. ಗಂಟಲಿನ ಮೂಳೆ ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. "ಬ್ಯಾಡಪ್ಪ, ನಾನಿನ್ನೂ ಆ ಮಟ್ಟಕ್ಕೆ ಬಂದಿಲ್ಲ" ಎಂದು ಗುಂಡಿ ಅಂಗಡಿಯ ಕಡೆಗೆ ಹೋದ. ಹೋಗುವಾಗ ಒಂದು ಸಲ ಕಂಬ ಹಿಡಿದು ನಿಂತು ಸುಧಾರಿಸಿಕೊಂಡ. ಸೊಣ್ಣಪ್ಪ ಅದನ್ನು ನೋಡಿದ. ಬಿಸಿಲು ಅಂದುಕೊಂಡ.

ಆ ವಾರ ವೆಂಕಟೇಶಪ್ಪನ ಹೆಂಡತಿ ಮಾರಿಯಮ್ಮ ಹಾರ್ಡ್‌ವೇರ್ ಅಂಗಡಿಗೆ ಬಂದಳು. ಕೌಂಟರಿನ ಮೇಲೆ ಎರಡೂ ಕೈಯಿಟ್ಟು ಹೇಳಿದಳು.

"ಅಣ್ಣಾ, ರಾತ್ರಿ ಸಾಪಾಡು ಇಟ್ಟರೆ ಬೇಡ ಅಂತಾರೆ. ಬೆಳಿಗ್ಗೆ ತಿಂಡಿ ಇಟ್ಟರೆ ಬೇಡ ಅಂತಾರೆ. ಆ ಹುಳಿ ಕಷಾಯ ಕುಡಿದು ಹೊಟ್ಟೆ ಹಿಡ್ಕೊಂಡು ಕೂರ್ತಾರೆ. ಮಿಷನ್ ತುಳಿಯೋಕೆ ಕಾಲಲ್ಲಿ ಶಕ್ತಿ ಇಲ್ಲ. ಸಾಕು ಅಂತ ನೀವು ಒಂದ್ಮಾತು ಹೇಳಿ. ನನ್ನ ಮಾತು ಕೇಳಲ್ಲ."

ಒಂದು ಮಾತು. ಅದನ್ನು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ಮುನಿರಾಜು ಬಲ್ಬು ಕೊಳ್ಳಲು ನಿಂತಿದ್ದ.

"ಶುರುವಿನಲ್ಲಿ ಅಂಗೇ ಆಗ್ತದೆ ಕಣಮ್ಮ" ಎಂದ ಸೊಣ್ಣಪ್ಪ. "ಮೈಯಿಂದ ಕೆಟ್ಟದ್ದು ಓಗೋವಾಗ ಸುಸ್ತಾಗ್ತದೆ."

ಮಾರಿಯಮ್ಮ ಕೌಂಟರಿನಿಂದ ಕೈ ತೆಗೆದು ಹೊರಟುಹೋದಳು.

ಹತ್ತು ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಪಕ್ಕದ ಅಂಗಡಿಯಲ್ಲಿ ಮಿಷನ್ನಿನ ಸದ್ದು ನಿಂತಿತು. ಆಮೇಲೆ ಏನೋ ಬಿದ್ದ ಸದ್ದಾಯಿತು. ಸೊಣ್ಣಪ್ಪ ಓಡಿಹೋಗಿ ನೋಡಿದರೆ ವೆಂಕಟೇಶಪ್ಪ ಯಾರದೋ ಮದುವೆಯ ಕೋಟಿನ ಮೇಲೆ ಮುಖ ಇಟ್ಟು ನೆಲದ ಮೇಲೆ ಬಿದ್ದಿದ್ದ. ಎಡಗೈ ಬೆರಳಿಗೆ ಸೂಜಿ ಹೊಕ್ಕು ರಕ್ತ ಬರುತ್ತಿತ್ತು. ಎತ್ತಿದಾಗ ಸೊಣ್ಣಪ್ಪನಿಗೆ ಗಾಬರಿಯಾಯಿತು. ಒಬ್ಬ ಬೆಳೆದ ಗಂಡಸು ಅಷ್ಟು ಹಗುರವಾಗಿರಬಾರದು. ಆಟೋ ಹತ್ತಿಸಿದ. ಮಾರಿಯಮ್ಮನೂ ಬಂದಳು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಸೊಣ್ಣಪ್ಪನಿಗೂ ಏದುಸಿರು ಬಂದು, ಸ್ನೇಹಿತನನ್ನು ಹಿಡಿದಿದ್ದವನು ಗೋಡೆಯನ್ನು ಹಿಡಿದುಕೊಂಡ.

ಒಳಗಿದ್ದ ಡಾಕ್ಟರಮ್ಮ ಇಬ್ಬರನ್ನೂ ನೋಡಿದರು.

"ಇವರಲ್ಲಿ ಪೇಷೆಂಟ್ ಯಾರು?"

"ಬಿದ್ದಿದ್ದು ಇವರು" ಎಂದಳು ಮಾರಿಯಮ್ಮ. ಬೆರಳನ್ನು ಮಾತ್ರ ಸೊಣ್ಣಪ್ಪನ ಕಡೆಗೆ ತೋರಿಸಿದಳು.

ಡಾಕ್ಟರಮ್ಮ ವೆಂಕಟೇಶಪ್ಪನಿಗೆ ಗ್ಲೂಕೋಸ್ ಹಾಕಿಸಿದರು, ಎತ್ತರ, ತೂಕ ನೋಡಿಸಿದರು. ನಲವತ್ತೆಂಟು. "ಇವರ ಬಿಎಂಐ ಹದಿನೇಳು. ಹದಿನೆಂಟೂವರೆಗಿಂತ ಕೆಳಗೆ ಹೋದ್ರೆ ಅದೂ ಅಪಾಯ. ಶಕ್ತಿ ಇರಲ್ಲ, ಮೂಳೆ ಸವೀತದೆ, ಸಣ್ಣ ಕಾಯಿಲೆ ಬಂದ್ರೂ ತಡ್ಕೊಳ್ಳೋಕೆ ಆಗಲ್ಲ. ಚೆನ್ನಾಗಿದ್ದ ಮನುಷ್ಯ ಯಾಕೆ ಊಟ ಬಿಟ್ರು?"

ವೆಂಕಟೇಶಪ್ಪ ಕಣ್ಣು ಮುಚ್ಚಿದ್ದ. ಮಾರಿಯಮ್ಮ ಕಿಟಕಿ ನೋಡುತ್ತಿದ್ದಳು. ಸೊಣ್ಣಪ್ಪ ಬಾಟಲಿಯ ನೀರನ್ನು ಗಟಗಟ ಕುಡಿದ.

ಡಾಕ್ಟರಮ್ಮ ತಿರುಗಿದರು. "ನಿಮಗೆ ಬಾಯಾರಿಕೆ ಜಾಸ್ತಿನಾ?"

"ಸ್ವಲ್ಪ."

"ಮೂತ್ರಕ್ಕೆ ಪದೇ ಪದೇ ಹೋಗ್ತೀರಾ?"

"ಅದು ಬೊಜ್ಜು ಕರಗಿ..." ಎಂದು ಶುರು ಮಾಡಿದವನು ಆಕೆಯ ಮುಖ ನೋಡಿ ನಿಲ್ಲಿಸಿದ.

ಅವನ ಎತ್ತರ, ತೂಕವನ್ನೂ ನೋಡಿದರು. ಐವತ್ತೊಂಬತ್ತು. ಬೆರಳು ಚುಚ್ಚಿ ರಕ್ತ ನೋಡಿದರು. ಆಕೆ ಸಕ್ಕರೆ ಅಳೆಯುವ ಪುಟ್ಟ ಯಂತ್ರವನ್ನು ಎರಡನೆಯ ಸಲ ನೋಡಿದಾಗ ಸೊಣ್ಣಪ್ಪ ಕೇಳಿದ. "ನನ್ ಬಿಎಂಐ ಎಷ್ಟು ಮೇಡಂ?"

"ಇಪ್ಪತ್ತೆರಡು."

"ಅದು ಆರೋಗ್ಯದ ತೂಕ ತಾನೆ?"

"ಹೌದು. ಸಂಖ್ಯೆ ಸರಿಯಾಗಿದೆ. ನೀವು ಸರಿಯಾಗಿಲ್ಲ." ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. "ಸಕ್ಕರೆ ಮುನ್ನೂರ ತೊಂಬತ್ತಿದೆ. ಎಷ್ಟು ತಿಂದ್ರೂ ಮೈಗೆ ಹತ್ತದೆ ಮೂತ್ರದಲ್ಲಿ ಹೋಗ್ತಾ ಇದೆ. ಬಿಎಂಐ ತೂಕ ಎಷ್ಟಿದೆ ಅಂತ ಹೇಳ್ತದೆ, ಯಾಕೆ ಇಳೀತು ಅಂತ ಹೇಳಲ್ಲ. ಏನೂ ಮಾಡ್ದೆ ತೂಕ ಇಳೀತಿದ್ರೆ ಮೊದಲು ಇಲ್ಲಿಗೆ ಬರಬೇಕಿತ್ತು. ನೀವು ಇಳಿಸೋಕೆ ಏನಾದ್ರೂ ಮಾಡ್ತಿದ್ರಾ?"

ಸೊಣ್ಣಪ್ಪ ಹಾಸಿಗೆಯ ಕಡೆ ನೋಡಿದ. ವೆಂಕಟೇಶಪ್ಪ ಕಣ್ಣು ತೆರೆದಿದ್ದ. ಅವನೂ ಉತ್ತರಕ್ಕೆ ಕಾಯುತ್ತಿದ್ದ.

"ಏನೂ ಮಾಡ್ತಿರ್ಲಿಲ್ಲ" ಎಂದ ಸೊಣ್ಣಪ್ಪ.

"ಕಷಾಯ?" ಎಂದು ವೆಂಕಟೇಶಪ್ಪ ಕೇಳಿದ. ದನಿ ಬಹಳ ಸಣ್ಣದಾಗಿತ್ತು.

"ಕುಡಿದಿಲ್ಲ."

"ಒಂದ್ಸಲನೂ?"

"ಒಂದ್ಸಲ ಕುಡ್ದೆ. ಹುಳಿ ಅಂತ ಚೆಲ್ಲಿಬುಟ್ಟೆ."

ವೆಂಕಟೇಶಪ್ಪ ಗೋಡೆಯ ಕಡೆಗೆ ತಿರುಗಿ ಮಲಗಿದ. ಗ್ಲೂಕೋಸಿನ ನಳಿಗೆ ಅಡ್ಡ ಬರುತ್ತಿದ್ದರಿಂದ ಪೂರ್ತಿ ತಿರುಗಲು ಆಗಲಿಲ್ಲ. ಆಗುವಷ್ಟು ತಿರುಗಿದ.

ಸೊಣ್ಣಪ್ಪನನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ವರಲಕ್ಷ್ಮಮ್ಮ ಬಂದಾಗ ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ. ಇನ್ಸುಲಿನ್ ಹೇಗೆ ಚುಚ್ಚಬೇಕೆಂದು ನರ್ಸಿನಿಂದ ಕೇಳಿ ಕಲಿತುಕೊಂಡಳು, ತಾನೇ ಚುಚ್ಚಿದಳು, ಹೊರಗೆ ಹೋಗಿ ಅಕ್ಕಯ್ಯಮ್ಮನ ಭುಜಕ್ಕೆ ಒರಗಿ ಅತ್ತಳು.

ಊರಿಗೆ ಸತ್ಯ ಹೇಳುವುದು ಸುಳ್ಳು ಹೇಳಿದಷ್ಟು ಸುಲಭವಾಗಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಸೊಣ್ಣಪ್ಪ ಒಂದು ಬೆಳಿಗ್ಗೆ ಮೈದಾನಕ್ಕೆ ಹೋಗಿ ಎಲ್ಲರನ್ನೂ ನಿಲ್ಲಿಸಿ, ತನಗೆ ಸಕ್ಕರೆ ಕಾಯಿಲೆ, ಅದರಿಂದ ತೂಕ ಇಳಿಯಿತು, ಕಷಾಯ ಸುಳ್ಳು, ಹಿಂದಕ್ಕೆ ನಡೆಯುವುದು ಸುಳ್ಳು, ಹೊತ್ತಿಗೆ ಸರಿಯಾಗಿ ಹಿತಮಿತವಾಗಿ ತಿಂದು ಮುಂದಕ್ಕೇ ನಡೆಯಿರಿ ಎಂದ.

ಮುನಿರಾಜು ಎಲ್ಲ ಕೇಳಿಸಿಕೊಂಡು ಹತ್ತಿರ ಬಂದ. "ಕಾಯಿಲೆ ಇರ್ಲಿ ಬುಡಿ ಸೊಣ್ಣಪ್ಪ. ಕಷಾಯಾನ ಎಷ್ಟೊತ್ತು ಕುದಿಸ್ಬೇಕು ಅಂತ ಸರ್ಯಾಗ್ ಏಳಿ. ನಮ್ಗೆ ಏನೂ ಇಳೀತಾ ಇಲ್ಲ."

"ಅದು ಸುಳ್ಳು ಅಂತ ಏಳ್ದೆನಲ್ಲ."

"ಗುಟ್ಟು ಬುಟ್ಕೊಡೋಕೆ ಮನ್ಸಿಲ್ಲ ಅನ್ನಿ" ಎಂದು ಮುನಿರಾಜು ಬೇಸರದಿಂದ ತಿರುಗಿದ. ದಪ್ಪ ಮನುಷ್ಯನೊಬ್ಬ ಸೊಣ್ಣಪ್ಪನನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, ಆ ಕಾಯಿಲೆ ಹತ್ತು ಕೇಜಿ ಇಳಿಯುವವರೆಗೆ ಮಾತ್ರ ಬಂದು ಹೋಗುವ ಹಾಗೆ ಏನಾದರೂ ದಾರಿಯಿದೆಯೇ ಎಂದು ಕೇಳಿದ. ಸೊಣ್ಣಪ್ಪ ಅಂಗಡಿಯ ಕಡೆ ನಡೆದ. ಹಿಂದೆ ಅವರು ಮತ್ತೆ ನಡಿಗೆ ಶುರು ಮಾಡಿದ್ದರು, ಹಿಂದಿಂದಕ್ಕೆ.

ಪಕ್ಕದ ಅಂಗಡಿಯ ಬಾಗಿಲು ಮುಚ್ಚಿತ್ತು. ಅನೇಕ ವಾರ ಮುಚ್ಚಿಯೇ ಇತ್ತು. ಇನ್ಸುಲಿನ್ ಹಿಡಿಸಿ ಸೊಣ್ಣಪ್ಪನ ಕೆನ್ನೆ ತುಂಬಿಕೊಳ್ಳತೊಡಗಿದಾಗ ಗಿರಾಕಿಗಳು ಮರುಕಪಟ್ಟರು. "ಪಾಪ, ಎಷ್ಟ್ ಚೆನ್ನಾಗಿ ಇಳಿಸ್ಕೊಂಡಿದ್ದ, ಮತ್ತೆ ಬುಟ್ಬುಟ್ಟ" ಎಂದರು. ಸೊಣ್ಣಪ್ಪ ನಲ್ಲಿ ಕೇಳಿದವರಿಗೆ ನಲ್ಲಿ ಕೊಟ್ಟ.

ಒಂದು ಭಾನುವಾರ ವರಲಕ್ಷ್ಮಮ್ಮನೇ ಅವನನ್ನು ಹೊರಡಿಸಿದಳು. ಗಣಿಯ ಕಾಲದಲ್ಲಿ ಕೆಲಸಗಾರರಿಗೆ ಕಟ್ಟಿದ ಲೈನು ಮನೆಗಳ ಸಾಲಿನಲ್ಲಿ ವೆಂಕಟೇಶಪ್ಪನದು ಕೊನೆಯ ಮನೆ. ಮಾರಿಯಮ್ಮ ಬಾಗಿಲು ತೆರೆದು ಇಬ್ಬರನ್ನೂ ನೋಡಿದಳು. ಬನ್ನಿ ಎನ್ನಲಿಲ್ಲ. ಬಾಗಿಲನ್ನು ಮುಚ್ಚಲೂ ಇಲ್ಲ. ವೆಂಕಟೇಶಪ್ಪ ಗೋಡೆಗೆ ಒರಗಿ ಕೂತಿದ್ದ. ಸ್ವಲ್ಪ ಮೈ ತುಂಬಿಕೊಂಡಿದ್ದರೂ ಕೈಗೆ ಇನ್ನೂ ಶಕ್ತಿ ಬಂದಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವೆಂದು ಮಾರಿಯಮ್ಮ ವರಲಕ್ಷ್ಮಮ್ಮನಿಗೆ ಹೇಳುತ್ತಿದ್ದದ್ದು ಕೇಳಿಸಿತು.

"ತಪ್ಪಾಯ್ತು ವೆಂಕಟೇಶಪ್ಪ" ಎಂದ ಸೊಣ್ಣಪ್ಪ.

ವೆಂಕಟೇಶಪ್ಪ ತಲೆಯಾಡಿಸಿದ. ಹೌದು ಎಂದೋ ಇರಲಿ ಎಂದೋ ತಿಳಿಯಲಿಲ್ಲ.

ಊಟದ ಹೊತ್ತಾಗಿತ್ತು. ಮಾರಿಯಮ್ಮ ಯಾರನ್ನೂ ಕೇಳದೆ ತಟ್ಟೆಗಳನ್ನು ಇಟ್ಟಳು. ಸೊಣ್ಣಪ್ಪನ ತಟ್ಟೆಗೆ ವರಲಕ್ಷ್ಮಮ್ಮ ಬೆರಳಿನಲ್ಲಿ ತೋರಿಸಿದಷ್ಟು ಅನ್ನ. ವೆಂಕಟೇಶಪ್ಪನ ತಟ್ಟೆಗೆ ತುಂಬ. ಆಸ್ಪತ್ರೆಯಿಂದ ಬಂದಾಗಿನಿಂದ ಅವನು ಕೊಟ್ಟದ್ದನ್ನು ಮದ್ದಿನಂತೆ ನುಂಗುತ್ತಿದ್ದ, ಒಂದು ಮಾತಿಲ್ಲದೆ, ರುಚಿಯಿಲ್ಲದೆ. ಅವತ್ತು ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡ. ಅಗಿದ. ನಿಲ್ಲಿಸಿದ.

"ಸಾರಿಗೆ ಉಪ್ಪು ಕಮ್ಮಿ" ಎಂದ.

ಮಾರಿಯಮ್ಮ ನಿಂತಲ್ಲೇ ನಿಂತಳು. ಆಮೇಲೆ, "ತರ್ತೀನಿ, ತರ್ತೀನಿ" ಎನ್ನುತ್ತ ಒಳಗೆ ಹೋದಳು. ಉಪ್ಪಿನ ಡಬ್ಬ ಕೈಗೆಟಕುವಂತೆ ಒಲೆಯ ಪಕ್ಕದಲ್ಲೇ ಇತ್ತು. ಆದರೂ ಬಹಳ ಹೊತ್ತು ಅವಳು ಆಚೆ ಬರಲಿಲ್ಲ. ಮೂಗು ಒರೆಸಿಕೊಳ್ಳುವ ಸದ್ದು ಮಾತ್ರ ಬಂತು.

ಸೊಣ್ಣಪ್ಪ ತನ್ನ ತುತ್ತನ್ನು ಬಾಯಿಗೆ ಹಾಕಿಕೊಂಡ. ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು. ಅವನು ಅದನ್ನು ಯಾರಿಗೂ ಹೇಳದೆ ಊಟ ಮಾಡಿದ.